ಆಟಿಯ ಹೊಳೆಯಲ್ಲಿ ದೋಣಿ ಉಂಟಾ?

ಮೆಲ್ಕಾರ್ ಜಂಕ್ಷನ್ನಿನಲ್ಲಿ ನಿಂತರೆ ಹೊಳೆ ಕಾಣುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಇದು ಎಡಕ್ಕೆ ಮುಡಿಪಿನ ದಾರಿ ಕವಲೊಡೆಯುವ ಜಾಗ, ಅಷ್ಟೇ. ಮುಂದೆ ಪಾಣೆಮಂಗಳೂರಿನ ಸೇತುವೆ ದಾಟುವಾಗ ಅರ್ಧ ನಿಮಿಷ ನೇತ್ರಾವತಿ ಕಾಣುತ್ತಾಳೆ, ಆಮೇಲೆ ಬಿ.ಸಿ. ರೋಡ್ ಬಂದೇಬಿಡುತ್ತದೆ. ಜುಲೈ-ಆಗಸ್ಟಿನಲ್ಲಿ ಮಾತ್ರ ಆ ಅರ್ಧ ನಿಮಿಷಕ್ಕೆ ಎಲ್ಲರ ಮೊಬೈಲೂ ಕಿಟಕಿಗೆ ಬರುತ್ತದೆ. ಹೊಳೆ ದಡದಿಂದ ದಡಕ್ಕೆ ಕೆಂಪಗೆ ತುಂಬಿರುತ್ತದೆ. ‘ಇದರಲ್ಲಿ ಬೋಟಿಂಗ್ ಹೋದ್ರೆ ಹೇಗಿರುತ್ತೆ!’ ಅಂತ ಯಾರಾದರೊಬ್ಬರು ಹೇಳದೇ ಇರುವುದಿಲ್ಲ.

ಈ ಪ್ರಶ್ನೆ ಹೊಸದಲ್ಲ ಮಾರಾಯ್ರೇ. ವೀಕೆಂಡಿನ ಪ್ರಶ್ನೆಯಾಗುವ ಎಷ್ಟೋ ಕಾಲ ಮೊದಲೇ ಇದು ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ನೇತ್ರಾವತಿಗೆ ಒಂದು ಕಾಲಕ್ಕೆ ಬಂಟ್ವಾಳ ಹೊಳೆ ಎಂದೇ ಹೆಸರು. ಘಟ್ಟದ ಕಾಫಿ ಗಾಡಿಗಳಲ್ಲಿ ಇಳಿದು ಬಂಟ್ವಾಳಕ್ಕೆ ಬರುತ್ತಿತ್ತು, ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ. ಮಳೆಗಾಲದಲ್ಲಿ ಈ ಕರಾವಳಿಯ ಹಾಯಿ ಹಡಗುಗಳೇ ಕಡಲಿಗೆ ಇಳಿಯುತ್ತಿರಲಿಲ್ಲ. ಹಾಗಾಗಿ ಸರಕು ಕಾಯಬಹುದಿತ್ತು. ಕಾಯಲಾಗದ್ದು ಮನುಷ್ಯರ ಕೆಲಸ. ಆಚೆ ದಡದಲ್ಲಿ ಹೆರಿಗೆ, ಈಚೆ ದಡದಲ್ಲಿ ಸೂಲಗಿತ್ತಿ. ಆಚೆ ಕೋರ್ಟು, ಈಚೆ ಕಕ್ಷಿದಾರ. ನಡುವೆ ಕಡವಿನ ದೋಣಿ, ಅದರಲ್ಲಿ ಹುಟ್ಟು ಹಿಡಿದ ಒಬ್ಬ. ‘ಇವತ್ತು ದೋಣಿ ಉಂಟಾ?’ ಎಂದು ಕೇಳಿದರೆ ‘ಉಂಟು’ ಅಥವಾ ‘ಇಲ್ಲ’ ಎನ್ನುವ ಅಧಿಕಾರ ಅವನದ್ದು.

ಆ ‘ಇಲ್ಲ’ ಪುಕ್ಕಟೆ ಅಲ್ಲ, ಗಮನಿಸಿ. ಆಗ ಈ ಜಿಲ್ಲೆ ಮದರಾಸು ಪ್ರಾಂತ್ಯದ್ದು, ಕಡವುಗಳಿಗೆ 1890ರಲ್ಲಿ ಒಂದು ಕಾಯ್ದೆಯೇ ಆಗಿತ್ತು. ಕಡವನ್ನು ಗುತ್ತಿಗೆಗೆ ಹಿಡಿದವನಿಗೆ ದಾಟಿಸಿದರೆ ಮಾತ್ರ ಕಾಸು. ದೋಣಿ ಕಟ್ಟಿ ಕೂತ ಪ್ರತಿ ದಿನವೂ ನಷ್ಟ. ಆದರೂ ‘ಇಲ್ಲ’ ಅನ್ನಲು ಅವನಿಗೆ ಕಾರಣಗಳಿದ್ದವು, ಅವೆಲ್ಲ ಕಣ್ಣಿಗೆ ಕಾಣುವಂಥವು. ಬೇಸಿಗೆಯಲ್ಲಿ ಜಲ್ಲೆ ಊರಿದರೆ ತಳ ಸಿಗುತ್ತದೆ, ನೆರೆಯಲ್ಲಿ ಸಿಗುವುದಿಲ್ಲ. ಆಗ ಹುಟ್ಟೇ ಗತಿ. ನೀರಿನ ವೇಗ ಇಮ್ಮಡಿಯಾದರೆ ಅದು ದೋಣಿಯನ್ನು ತಳ್ಳುವ ಬಲ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಅವನು ಫಿಸಿಕ್ಸ್ ಓದಿರದಿದ್ದರೂ ರಟ್ಟೆಗೆ ಅದು ಗೊತ್ತಿತ್ತು. ದಡದ ಪಕ್ಕದ ನಿಧಾನದ ನೀರಿನಲ್ಲಿ ಮೊದಲು ಮೇಲಕ್ಕೆ ಹೋಗಿ, ಆಮೇಲೆ ಓರೆಯಾಗಿ ದಾಟಬೇಕು. ಲೆಕ್ಕ ಸ್ವಲ್ಪ ತಪ್ಪಿದರೂ ಇಳಿಯಬೇಕಾದ ಜಾಗ ಕೈತಪ್ಪಿ ಹೋಗುತ್ತದೆ. ಬುಡಸಮೇತ ಬರುವ ಬಿದಿರಿನ ಹಿಂಡಲು, ಮರದ ದಿಮ್ಮಿ ಎದುರಾದರೆ ಲೆಕ್ಕವೇ ಇಲ್ಲ.

ಇನ್ನೊಂದು ಮೋಸ ಉಂಟು. ಬಂಟ್ವಾಳದ ನೆರೆ ಬಂಟ್ವಾಳದ ಮಳೆಯಿಂದ ಬರಬೇಕೆಂದಿಲ್ಲ. ಕುದುರೆಮುಖದ ಕಡೆಯ, ಚಾರ್ಮಾಡಿಯ ನೀರು ನೇತ್ರಾವತಿಗೆ. ಸುಬ್ರಹ್ಮಣ್ಯದ ಕಡೆಯದ್ದು ಕುಮಾರಧಾರೆಗೆ, ಅದು ಉಪ್ಪಿನಂಗಡಿಯಲ್ಲಿ ಬಂದು ಸೇರುತ್ತದೆ. ಮೆಲ್ಕಾರಿನಲ್ಲಿ ಬಿಸಿಲು ಬಿದ್ದಿರುವಾಗಲೇ ಹೊಳೆ ಏರುತ್ತಿರಬಹುದು. ಬಿಸಿಲು ನೋಡಿ ದೋಣಿ ಇಳಿಸಿದವನು ಮೋಸ ಹೋಗುವುದು ಇಲ್ಲಿಯೇ.

ಊರಿನ ನೆನಪು ಮೂರು ನೆರೆಗಳ ಸುತ್ತ ಕಟ್ಟಿಕೊಂಡಿದೆ. ಮೊದಲನೆಯದು 1923ರ ಆಗಸ್ಟ್ ಮೊದಲ ವಾರದ್ದು. ತುಳುವಿನಲ್ಲಿ ಅದಕ್ಕೆ ‘ಮಾರಿಬೊಳ್ಳ’ ಎಂದೇ ಹೆಸರು; ಬೊಳ್ಳ ಅಂದರೆ ನೆರೆ, ಮಾರಿ ಏನೆಂದು ಹೇಳಬೇಕಿಲ್ಲ. ಎರಡನೆಯದು 1974ರ ಜುಲೈ ಕೊನೆಯ ವಾರ, ಬಂಟ್ವಾಳ ಪೇಟೆಯೇ ಮುಳುಗಿದ್ದು. ಮೂರನೆಯದು ನಮ್ಮ ಕಣ್ಣೆದುರಿನ 2019ರ ಆಗಸ್ಟ್. ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್, ಆ ವಾರ ಹೊಳೆ 11 ಮೀಟರ್ ದಾಟಿತು. ಇಂಗ್ಲಿಷ್ ತಿಂಗಳು ಬದಿಗಿಟ್ಟು ನೋಡಿ: ಮೂರೂ ಬಂದದ್ದು ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ. ಆಟಿಯಲ್ಲಿ ಶುಭಕಾರ್ಯ ಇಲ್ಲ. ಆಟ, ಕೋಲ, ನೇಮಗಳೆಲ್ಲ ಮೇ ಕೊನೆಯ ಪತ್ತನಾಜೆಗೇ ನಿಂತಿರುತ್ತವೆ. ಅದನ್ನು ಮೂಢನಂಬಿಕೆ ಅಂತ ನಗುವವರಿದ್ದಾರೆ. ನನಗಂತೂ ಅದರಲ್ಲಿ ಹೊಳೆ ದಾಟುವ ಕಷ್ಟದ ಲೆಕ್ಕವೂ ಸೇರಿದೆ ಅನ್ನಿಸುತ್ತದೆ. ಮದುವೆಯೇ ಇಲ್ಲದಿದ್ದರೆ ದಿಬ್ಬಣವನ್ನು ತುಂಬಿದ ಹೊಳೆ ದಾಟಿಸುವ ಪ್ರಶ್ನೆಯೇ ಬರುವುದಿಲ್ಲ ಅಲ್ವಾ?

ಹಾಗಂತ ಆಟಿಯ ಹೊಳೆಯಲ್ಲಿ ದೋಣಿ ಇಳಿಯಲೇ ಇಲ್ಲವೆಂದಲ್ಲ. ತಮಾಷೆ ಇರುವುದೇ ಇಲ್ಲಿ. 1974ರಲ್ಲಿ ಪೇಟೆಯ ಬೀದಿಗಳಲ್ಲಿ ದೋಣಿ ಓಡಿತು. ಮೆಲ್ಕಾರಿನ ಪಕ್ಕದ ಆಲಡ್ಕದಲ್ಲಿ, ಪಾಣೆಮಂಗಳೂರಿನ ಆ ತಗ್ಗಿನಲ್ಲಿ, ಹೊಳೆ ಉಕ್ಕಿದಾಗ ಈಗಲೂ ಜನರನ್ನು ಮನೆಯಿಂದ ಹೊರಗೆ ತರುವುದು ದೋಣಿಯೇ. ಯಾವ ದಿನ ಕಡವಿನವನು ‘ಇಲ್ಲ’ ಅಂದನೋ ಅದೇ ದಿನ ಇನ್ನೊಂದು ಕೆಲಸಕ್ಕೆ ‘ಉಂಟು’ ಅನ್ನಬೇಕಾಗುತ್ತದೆ. ನೀರು ಅದೇ, ಅಪಾಯವೂ ಅದೇ. ವ್ಯತ್ಯಾಸ ಇಷ್ಟು: ಮಾಡಿನ ಮೇಲೆ ಕೂತವನಿಗೆ ದೋಣಿ ಹತ್ತದಿರುವುದೇ ದೊಡ್ಡ ಅಪಾಯ. ಸೆಲ್ಫಿಗೆ ಬಂದವನಿಗೆ ದಡದಲ್ಲಿ ನಿಂತರೆ ಯಾವ ಅಪಾಯವೂ ಇಲ್ಲ.

ಅದೇ 2019ರ ಮಳೆಗಾಲದಲ್ಲಿ, ನಮ್ಮ ನೆರೆ ಇಳಿದು ಒಂದು ತಿಂಗಳಾದ ಮೇಲೆ, ಗೋದಾವರಿಯಲ್ಲಿ ಈ ವ್ಯತ್ಯಾಸ ಭೀಕರವಾಗಿ ಕಂಡಿತು. ಸೆಪ್ಟೆಂಬರ್ 15, ಭಾನುವಾರ. ಪಾಪಿಕೊಂಡಲು ನೋಡಲು ಹೊರಟ ‘ರಾಯಲ್ ವಸಿಷ್ಠ’ ಎಂಬ ಬೋಟಿನಲ್ಲಿ 70ಕ್ಕೂ ಹೆಚ್ಚು ಮಂದಿ. ನದಿಯಲ್ಲಿ ಸುಮಾರು 5 ಲಕ್ಷ ಕ್ಯೂಸೆಕ್ ನೀರು. ಕಚ್ಚುಲೂರಿನ ತಿರುವಿನಲ್ಲಿ ಬೋಟು ಮಗುಚಿತು, ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. ಬದುಕಿದ ಇಪ್ಪತ್ತಕ್ಕೂ ಹೆಚ್ಚು ಜನರನ್ನು ನೀರಿನಿಂದ ಎತ್ತಿದ್ದು ಆಸುಪಾಸಿನ ಹಳ್ಳಿಯವರು, ತಮ್ಮ ಸಣ್ಣ ದೋಣಿಗಳಲ್ಲಿ ಬಂದು. ದೊಡ್ಡ ಬೋಟು ಹೋಗಬಾರದಿದ್ದ ನೀರಿಗೆ ಸಣ್ಣ ದೋಣಿ ಇಳಿಯಲೇಬೇಕಾಯಿತು. ಬೋಟಿನ ಮಾಲೀಕ ಬೋಟಿನಲ್ಲಿರಲಿಲ್ಲ.

ಹಳೆಯ ಕಡವಿಗೂ ಇವತ್ತಿನ ಟಿಕೆಟ್ಟಿಗೂ ಇರುವ ಅಂತರ ಇದೇ ಎಂದು ನನ್ನ ಎಣಿಕೆ. ಕಡವಿನವನು ಅದೇ ದೋಣಿಯಲ್ಲಿ ಕೂರುವವನು, ಅದೇ ದಡದಲ್ಲಿ ಮನೆ ಇದ್ದವನು. ದಾಟಿಸಿದ ಮೇಲಷ್ಟೇ ಕೈಗೆ ದುಡ್ಡು. ಪ್ಯಾಕೇಜಿನಲ್ಲಿ ದುಡ್ಡು ಮೊದಲೇ ಹೋಗಿರುತ್ತದೆ, ರಜೆ ಹಾಕಿಯಾಗಿರುತ್ತದೆ, ರೂಮು ಬುಕ್ ಆಗಿರುತ್ತದೆ. ನಿರ್ಧಾರ ಶುಕ್ರವಾರ ಬೆಂಗಳೂರಿನಲ್ಲೇ ಆಗಿಹೋಗಿದೆ. ದಡದಲ್ಲಿ ನಿಂತು ‘ಬೇಡ’ ಎನ್ನುವವನು ಇಡೀ ಗ್ಯಾಂಗಿನ ವೀಕೆಂಡ್ ಹಾಳು ಮಾಡಿದವನಾಗುತ್ತಾನೆ. ‘8.5 ಆಗಿಲ್ವಲ್ಲ, 7.9 ಅಷ್ಟೇ’ ಅಂತ ಮೊಬೈಲ್ ತೋರಿಸುವವರೂ ಇರುತ್ತಾರೆ. ಆ ಅಂಕಿ ಇರುವುದು ದಡದ ಮನೆಗಳನ್ನು ಎಚ್ಚರಿಸಲು, ದೋಣಿಗೆ ಪರ್ಮಿಷನ್ ಕೊಡಲಿಕ್ಕಲ್ಲ. 7.9 ಏರುತ್ತಿರುವ 7.9 ಆಗಿದ್ದರೆ ಅದು ಬೇರೆಯೇ ಹೊಳೆ.

ದೋಣಿಯಲ್ಲಿ ಕೂರಲೇಬೇಕು ಅಂತ ಆಸೆಯಿದ್ದರೆ ಜನವರಿಯಲ್ಲಿ ಬನ್ನಿ. ಆಗ ತುಂಬೆಯ ಕಿಂಡಿ ಅಣೆಕಟ್ಟಿನ ಗೇಟು ಹಾಕಿರುತ್ತಾರೆ, ಮಂಗಳೂರಿಗೆ ಕುಡಿಯುವ ನೀರು ನಿಲ್ಲಿಸಬೇಕಲ್ಲ. ಅದರ ಮೇಲ್ಭಾಗದಲ್ಲಿ ಇದೇ ನೇತ್ರಾವತಿ ಕೆರೆಯ ಹಾಗೆ ಸುಮ್ಮನೆ ನಿಂತಿರುತ್ತಾಳೆ. ಆದರೂ ಇಳಿಯುವ ಮೊದಲು ದಡದಲ್ಲಿ ಯಾರಾದರೂ ಇದ್ದರೆ ಕೇಳಿ: ‘ಅಣ್ಣ, ಇವತ್ತು ದೋಣಿ ಉಂಟಾ?’