ಗ್ರಹಣ, ಮರೆ ಮತ್ತು ಕೃಷ್ಣವಿವರ: ಬ್ರಹ್ಮಾಂಡ ಕೇಂದ್ರಗಳ ಅಧ್ಯಯನದಲ್ಲಿ ಕನ್ನಡ ನೆಲದ ಪಾಲು

ಆಕಾಶವನ್ನು ಕುರಿತ ಜನಪದರ ತಿಳಿವಳಿಕೆಯನ್ನು ನಾವು ಇದುವರೆಗೆ ಹೆಚ್ಚಾಗಿ ಮಳೆ ನಕ್ಷತ್ರಗಳ ಗಾದೆ, ಗ್ರಹಣದ ಆಚರಣೆ, ಹುಟ್ಟುನಕ್ಷತ್ರದ ನಂಬಿಕೆ ಎಂಬ ಮೂರು ನೆಲೆಗಳಲ್ಲಿ ಸಂಗ್ರಹಿಸಿದ್ದೇವೆ. ಆಧುನಿಕ ಖಗೋಳ ವಿಜ್ಞಾನದ ಚರಿತ್ರೆಯನ್ನು ಬೇರೆಯವರು, ಬೇರೆಡೆ, ಬಹುಪಾಲು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಈ ಎರಡು ಬರವಣಿಗೆಗಳು ಒಂದನ್ನೊಂದು ನೋಡಿದ್ದು ಕಡಿಮೆ. ಗೆಲಾಕ್ಸಿಗಳ ನಡುವಿನಲ್ಲಿರುವ ಅಪಾರ ಶಕ್ತಿಯ ಆಕರಗಳನ್ನೂ ಅಲ್ಲಿನ ಬೃಹತ್ ಕೃಷ್ಣವಿವರಗಳನ್ನೂ ಅರಿತ ಕಥೆಯಲ್ಲಿ ಕರ್ನಾಟಕದ ಪಾಲು ಎಷ್ಟು, ಆ ಅರಿವು ನಮ್ಮ ಜನಪದ ನಂಬಿಕೆಗಳೊಡನೆ ಯಾವ ಸಂಬಂಧ ಹೊಂದಬಲ್ಲದು ಎಂಬುದನ್ನು ರಾಣೆಬೆನ್ನೂರು ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರಹಣ: ಶಾಸನ ಮತ್ತು ಒನಕೆ

ಹಾವೇರಿ ಜಿಲ್ಲೆ ಶಾಸನಗಳ ಸಮೃದ್ಧ ಪ್ರದೇಶ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದ ಮುಕ್ತೇಶ್ವರ ದೇವಾಲಯದ ಆವರಣದಲ್ಲಿರುವ ಶಾಸನಗಳು ಪ್ರಸಿದ್ಧವಾಗಿವೆ. ಮಧ್ಯಕಾಲೀನ ಕನ್ನಡ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಮಣಗಳು ದಾನಕ್ಕೆ ತಕ್ಕ ಕಾಲವೆಂದು ಉಲ್ಲೇಖಗೊಳ್ಳುವುದು ಸಾಮಾನ್ಯ. ದಾನವು ಆಚಂದ್ರಾರ್ಕವಾಗಿ ನಡೆಯಬೇಕೆಂಬ ಆಶಯ, ವೀರಗಲ್ಲುಗಳ ಮೇಲ್ತುದಿಯ ಸೂರ್ಯಚಂದ್ರರು ಇದೇ ಮನೋಧರ್ಮದ ಕುರುಹುಗಳು. ಶಾಶ್ವತವೆಂದು ನಂಬಿದ ಆಕಾಶಕಾಯವೇ ಕೆಲಹೊತ್ತು ಮರೆಯಾಗುವುದು ಗ್ರಹಣ. ಆದ್ದರಿಂದಲೇ ಅದಕ್ಕೆ ಅಷ್ಟು ಮಹತ್ವ.

ಜನಪದರಲ್ಲಿ ಈ ಘಟನೆ ರಾಹುಕೇತುಗಳ ಕಥೆಯಾಗಿ ಉಳಿದಿದೆ. ಗ್ರಹಣ 'ಹಿಡಿಯುತ್ತದೆ', 'ಬಿಡುತ್ತದೆ' ಎಂಬ ಎರಡು ಕ್ರಿಯಾಪದಗಳ ನಡುವೆ ಇಡೀ ಆಚರಣೆ ನಿಂತಿದೆ. ಹಿಡಿದಾಗ ಉಪವಾಸ, ಬಿಟ್ಟಾಗ ಸ್ನಾನ. ನೀರು ತುಂಬಿದ ತಟ್ಟೆಯಲ್ಲಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿ, ಅದು ಬಿದ್ದಾಗ ಗ್ರಹಣ ಬಿಟ್ಟಿತೆಂದು ತಿಳಿಯುವ ವಾಡಿಕೆ ಈ ಭಾಗದಲ್ಲಿಯೂ ಉಂಟು. ತಳ ಸಮವಾಗಿರುವ ಒನಕೆ ಯಾವ ದಿನ ನಿಲ್ಲಿಸಿದರೂ ನಿಲ್ಲುತ್ತದೆ; ಅದನ್ನು ನಿಲ್ಲಿಸುವುದು ಗ್ರಹಣವಲ್ಲ, ಕೈಯ ಎಚ್ಚರ. ಆದರೆ ಈ ಆಚರಣೆಯ ಹಿಂದಿರುವ ಅಪೇಕ್ಷೆ ಗಮನಾರ್ಹವಾದುದು: ಮರೆ ಆರಂಭವಾದ ಕ್ಷಣ ಮತ್ತು ಮುಗಿದ ಕ್ಷಣ ಎರಡೂ ತಿಳಿಯಬೇಕು.

ಚಂದ್ರನ ಮರೆಯಿಂದ ಕ್ವೇಸಾರ್‌ವರೆಗೆ

ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಶೋಧ ಇದೇ ಎರಡು ಕ್ಷಣಗಳ ಲೆಕ್ಕದಿಂದ ಹೊರಟಿತು. 1933ರಲ್ಲಿ ಕಾರ್ಲ್ ಜಾನ್ಸ್ಕಿ ಧನು ರಾಶಿಯ ದಿಕ್ಕಿನಿಂದ ರೇಡಿಯೋ ಅಲೆಗಳು ಬರುತ್ತಿರುವುದನ್ನು ಪ್ರಕಟಿಸಿದ. 1943ರಲ್ಲಿ ಕಾರ್ಲ್ ಸೈಫರ್ಟ್ ಕೆಲವು ಗೆಲಾಕ್ಸಿಗಳ ನಡುಭಾಗ ಅಸಾಧಾರಣವಾಗಿ ಉಜ್ವಲವಾಗಿರುವುದನ್ನು ವಿವರಿಸಿದ. ಯುದ್ಧಾನಂತರ ಅನೇಕ ರೇಡಿಯೋ ಆಕರಗಳು ಪತ್ತೆಯಾದರೂ ಅವು ಆಕಾಶದಲ್ಲಿ ನಿಖರವಾಗಿ ಎಲ್ಲಿವೆ ಎಂದು ಹೇಳುವುದು ಕಷ್ಟವಾಗಿತ್ತು.

1962ರಲ್ಲಿ 3ಸಿ 273 ಎಂಬ ಆಕರವನ್ನು ಚಂದ್ರ ಮರೆಮಾಡಿದಾಗ, ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಅದು ಮರೆಯಾದ ಹಾಗೂ ಮತ್ತೆ ಕಂಡ ಕ್ಷಣಗಳನ್ನು ದಾಖಲಿಸಿದರು. ಚಂದ್ರನ ಅಂಚು ಎಲ್ಲಿತ್ತೆಂಬುದು ಗೊತ್ತಿದ್ದುದರಿಂದ ಆಕರದ ಸ್ಥಾನ ನಿಖರವಾಗಿ ದೊರೆಯಿತು. ಅಲ್ಲಿದ್ದುದು ನಕ್ಷತ್ರದಂತೆ ಕಾಣುವ ಒಂದು ಚುಕ್ಕಿ. 1963ರಲ್ಲಿ ಮಾರ್ಟೆನ್ ಸ್ಮಿತ್ ಅದರ ರೋಹಿತವನ್ನು ಪರೀಕ್ಷಿಸಿ, ಗೆರೆಗಳು ಸುಮಾರು ಶೇಕಡಾ 16ರಷ್ಟು ಕೆಂಪಿನ ಕಡೆಗೆ ಸರಿದಿರುವುದನ್ನು ಗುರುತಿಸಿದ. ಎಂದರೆ ಅದು ನಮ್ಮ ಗೆಲಾಕ್ಸಿಯ ನಕ್ಷತ್ರವಲ್ಲ. ಇನ್ನೂರು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷಗಳಾಚೆಯ ವಸ್ತು. ಇಂಥವು ಕ್ವೇಸಾರ್‌ಗಳೆಂದು ಹೆಸರಾದವು.

ಅಷ್ಟು ದೂರದಿಂದ ಅಷ್ಟು ಪ್ರಕಾಶ ಬರಬೇಕಾದರೆ ಅದು ಒಂದು ಇಡೀ ಗೆಲಾಕ್ಸಿಯ ಬೆಳಕನ್ನು ಮೀರಿರಬೇಕು. ಆದರೆ ಕ್ವೇಸಾರ್‌ಗಳ ಪ್ರಕಾಶ ತಿಂಗಳುಗಳ ಅವಧಿಯಲ್ಲಿಯೇ ಏರಿಳಿಯುತ್ತದೆ. ತಿಂಗಳೊಳಗೆ ಬದಲಾಗುವ ವಸ್ತು, ಬೆಳಕು ಒಂದು ತಿಂಗಳಲ್ಲಿ ಕ್ರಮಿಸುವ ದೂರಕ್ಕಿಂತ ಹೆಚ್ಚು ಅಗಲವಾಗಿರಲಾರದು. ಇಷ್ಟು ಕಿರಿದಾದ ಎಡೆಯಲ್ಲಿ ಇಷ್ಟು ಶಕ್ತಿಯನ್ನು ನಕ್ಷತ್ರಗಳಿಂದ ಪಡೆಯಲಾಗದು. 1969ರಲ್ಲಿ ಡೊನಾಲ್ಡ್ ಲಿಂಡನ್ ಬೆಲ್, ಗೆಲಾಕ್ಸಿಗಳ ಕೇಂದ್ರದಲ್ಲಿ ಬೃಹತ್ ಕೃಷ್ಣವಿವರಗಳಿವೆ, ಅವುಗಳತ್ತ ಸುಳಿಯುತ್ತ ಬೀಳುವ ಅನಿಲವೇ ಈ ಶಕ್ತಿಯ ಮೂಲ ಎಂದು ವಾದಿಸಿದ. ಜಲಜನಕ ಬೆಸೆದು ಹೀಲಿಯಂ ಆಗುವಾಗ ದ್ರವ್ಯದ ಶೇಕಡಾ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಕೃಷ್ಣವಿವರದತ್ತ ಸುತ್ತಿ ಬೀಳುವ ಅನಿಲ ಕಾದು ಸುಮಾರು ಶೇಕಡಾ 10ರಷ್ಟನ್ನು ಹೊರಸೂಸಬಲ್ಲದು. ಬೆಳಕು ಬರುವುದು ವಿವರದ ಒಳಗಿನಿಂದಲ್ಲ, ಬೀಳುವ ದಾರಿಯಿಂದ ಎಂಬುದನ್ನು ಇಲ್ಲಿ ನೆನಪಿಡಬೇಕು.

'ಕೃಷ್ಣವಿವರ' ಎಂಬ ಪದದ ಬಗೆಗೆ ಒಂದು ಮಾತು. ಸಂಸ್ಕೃತದಲ್ಲಿ 'ವಿವರ'ವೆಂದರೆ ಬಿಲ, ರಂಧ್ರ. ಕನ್ನಡ ಓದುಗನಿಗೆ ಅದು ಮೊದಲು ವರ್ಣನೆಯಾಗಿ, ತಪಸೀಲಾಗಿ ಕೇಳುತ್ತದೆ. ಕಪ್ಪುಕುಳಿ, ಕಪ್ಪುರಂಧ್ರ ಎಂಬ ರೂಪಗಳೂ ಬಳಕೆಯಲ್ಲಿವೆ. ಈ ಪೈಪೋಟಿ ಕನ್ನಡ ಈ ವಿಷಯವನ್ನು ಇನ್ನೂ ತನ್ನದಾಗಿಸಿಕೊಳ್ಳುತ್ತಿದೆ ಎಂಬುದಕ್ಕೆ ಸಾಕ್ಷಿ.

ಕನ್ನಡ ನೆಲದ ಪಾಲು

ಚಂದ್ರನ ಮರೆಯ ವಿಧಾನ ಭಾರತಕ್ಕೆ ಬಂದದ್ದು ನಮ್ಮ ನೆರೆಯ ನೀಲಗಿರಿಯಲ್ಲಿ. ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರ ಈ ಸೀಮೆಯಲ್ಲಿ, ಉದಕಮಂಡಲದ ಬಳಿ, ಗೋವಿಂದ ಸ್ವರೂಪರ ನೇತೃತ್ವದಲ್ಲಿ 1970ರಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೋ ದೂರದರ್ಶಕ ಸಿದ್ಧವಾಯಿತು. ಅಲ್ಲಿನ ಅಕ್ಷಾಂಶಕ್ಕೆ ಸರಿಯಾದ, ಸುಮಾರು 11 ಡಿಗ್ರಿ ಇಳಿಜಾರಿನ ಗುಡ್ಡವನ್ನು ಹುಡುಕಿ ಕಟ್ಟಿದ್ದರಿಂದ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿದೆ. ಚಂದ್ರ ಮರೆಮಾಡಿದ ನೂರಾರು ದೂರದ ರೇಡಿಯೋ ಗೆಲಾಕ್ಸಿ, ಕ್ವೇಸಾರ್‌ಗಳ ಗಾತ್ರವನ್ನು ಇಲ್ಲಿ ಅಳೆಯಲಾಯಿತು.

ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆ 1972ರಿಂದ ವಿ. ರಾಧಾಕೃಷ್ಣನ್ ಅವರ ನಿರ್ದೇಶನದಲ್ಲಿ ರೇಡಿಯೋ ಖಗೋಳದ ಕೇಂದ್ರವಾಯಿತು. ಈ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಗೌರಿಬಿದನೂರಿನ ಬಳಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಆಕಾರದಲ್ಲಿ ನೆಟ್ಟವು. ಅದರ ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್. 34.5 ಮೆಗಾಹರ್ಟ್ಸ್, ಎಂದರೆ ಸುಮಾರು 8.7 ಮೀಟರ್ ಉದ್ದದ ಅಲೆಯಲ್ಲಿ ಆಕಾಶದ ನಕ್ಷೆಯನ್ನು ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ಇಷ್ಟು ಉದ್ದದ ಅಲೆಗಳಲ್ಲಿ, ಗೆಲಾಕ್ಸಿ ಕೇಂದ್ರಗಳು ಹಿಂದೆಂದೋ ಹೊರಚಿಮ್ಮಿದ, ಈಗ ಮುಪ್ಪಾದ ಎಲೆಕ್ಟ್ರಾನುಗಳ ಉಳಿಕೆ ಇನ್ನೂ ಕೇಳಿಸುತ್ತದೆ.

ಸಿದ್ಧಾಂತದ ಕಡೆಯಿಂದ ಮುಖ್ಯವಾದ ಹೆಸರು ಸಿ.ವಿ. ವಿಶ್ವೇಶ್ವರ (1938-2017). ಇವರ ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಹಿರಿಯ ಸಾಹಿತಿ. ರಾಣೆಬೆನ್ನೂರಿನಿಂದ ಹೊಳೆ ದಾಟಿದರೆ ದೂರವಲ್ಲದ ಹರಪನಹಳ್ಳಿಯಲ್ಲಿ 1947ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮಗ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು: ಕೃಷ್ಣವಿವರವನ್ನು ಅಲುಗಿಸಿದರೆ ಅದು ಉಳಿಯುತ್ತದೆಯೇ? ಉಳಿಯುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. 1970ರ ಬರಹದಲ್ಲಿ, ಅಲುಗಿದ ಕೃಷ್ಣವಿವರ ಬಾರಿಸಿದ ಗಂಟೆಯಂತೆ ತನ್ನದೇ ಕಂಪನಗಳನ್ನು ಹೊರಡಿಸಿ ಕ್ರಮೇಣ ಶಾಂತವಾಗುತ್ತದೆ ಎಂದು ಕಂಡುಕೊಂಡರು. ಅಂಥ ಕಂಪನವನ್ನುಳ್ಳ ಗುರುತ್ವದ ಅಲೆ 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿಗೆ ದಾಖಲಾಯಿತು. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಇವರೇ.

ಅದೇ ತಿಂಗಳ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಸಿದ್ಧವಾದದ್ದು ಹೊಸಕೋಟೆಯ ಬಳಿ. ಅದರ ದತ್ತಾಂಶ ಭಂಡಾರವಿರುವುದು ಬ್ಯಾಲಾಳು ಗ್ರಾಮದಲ್ಲಿ. ಈ ಊರುಗಳ ಸ್ಥಳಚರಿತ್ರೆ ಬರೆಯುವವರು ದೇವಾಲಯ, ವೀರಗಲ್ಲುಗಳ ಜೊತೆಗೆ ಇವನ್ನೂ ದಾಖಲಿಸಬೇಕಾದುದು ನ್ಯಾಯ.

ಮೂಲಾ ನಕ್ಷತ್ರದ ಪ್ರಶ್ನೆ

ನಮ್ಮದೇ ಆಕಾಶಗಂಗೆಯ ಕೇಂದ್ರ ಧನು ರಾಶಿಯ ದಿಕ್ಕಿನಲ್ಲಿ, ಸುಮಾರು 26 ಸಾವಿರ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಸುತ್ತ ಓಡುವ ನಕ್ಷತ್ರಗಳನ್ನು ದಶಕಗಳ ಕಾಲ ಬೆಂಬತ್ತಿ, ನಡುವೆ ಸುಮಾರು 40 ಲಕ್ಷ ಸೂರ್ಯರ ದ್ರವ್ಯರಾಶಿ ಅಡಗಿದೆ ಎಂದು ತೋರಿಸಿದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಘೆಜ್ 2020ರ ನೊಬೆಲ್ ಬಹುಮಾನವನ್ನು ರೋಜರ್ ಪೆನ್ರೋಸ್ ಜೊತೆ ಹಂಚಿಕೊಂಡರು. ಎಂ87 ಗೆಲಾಕ್ಸಿಯ ಕೃಷ್ಣವಿವರದ ನೆರಳಿನ ಚಿತ್ರ 2019ರಲ್ಲಿ, ನಮ್ಮದರ ಚಿತ್ರ 2022ರಲ್ಲಿ ಪ್ರಕಟವಾದವು.

ಪಂಚಾಂಗದ ವಿಭಾಗದಂತೆ ಈ ದಿಕ್ಕು ಮೂಲಾ ನಕ್ಷತ್ರದ ಪಾದಗಳೊಳಗೆ ಬರುತ್ತದೆ. 'ಮೂಲ' ಎಂದರೆ ಬೇರು. ಆದ್ದರಿಂದ ಪೂರ್ವಿಕರಿಗೆ ಗೆಲಾಕ್ಸಿಯ ಕೇಂದ್ರ ತಿಳಿದಿತ್ತು ಎಂಬ ವಾದ ಕೇಳಿಬರುತ್ತದೆ. ಇದನ್ನು ಒಪ್ಪಲಾಗದು. ನಡುವೆ ಕವಿದ ದೂಳು ಕೇಂದ್ರದ ಬೆಳಕನ್ನು ಕಣ್ಣಿಗೆ ಪೂರ್ತಿ ಮರೆಮಾಡುತ್ತದೆ. ಬರಿಗಣ್ಣಿನಿಂದ ಅದನ್ನು ಗುರುತಿಸುವ ಮಾರ್ಗವಿಲ್ಲ. ಪದದ ಹೋಲಿಕೆ ಪುರಾವೆಯಾಗಲಾರದು.

ಇದು ಬರಿಯ ಪಾಂಡಿತ್ಯದ ವಿವಾದವೂ ಅಲ್ಲ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲ, ಆಶ್ಲೇಷಾದವಳು ಅತ್ತೆಗೆ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಪಟ್ಟಣಗಳಲ್ಲಿ ಇನ್ನೂ ಸಂಬಂಧಗಳನ್ನು ಮುರಿಯುತ್ತದೆ. ಪಂಚಾಂಗದ ಹೆಸರಿಗೆ ವಿಜ್ಞಾನದ ಮುದ್ರೆ ಒತ್ತಿದರೆ ಆ ಮುದ್ರೆ ಈ ನಂಬಿಕೆಗೂ ಬೀಳುತ್ತದೆ. 26 ಸಾವಿರ ವರ್ಷಗಳ ಹಿಂದೆ ಹೊರಟ ಅಲೆಗೆ ಯಾವ ಮನೆಯ ಮಾವನ ಆಯುಷ್ಯವೂ ಗೊತ್ತಿಲ್ಲ.

ಜಾನಪದ ವಿದ್ವಾಂಸನ ಕೆಲಸ ನಂಬಿಕೆಯನ್ನು ದಾಖಲಿಸುವುದು, ಅದರ ಅರ್ಥವನ್ನು ಬಿಡಿಸುವುದು. ಅದನ್ನು ಹೀಯಾಳಿಸುವುದು ಎಷ್ಟು ತಪ್ಪೋ ಅದಕ್ಕೆ ಇಲ್ಲದ ಪ್ರಮಾಣವನ್ನು ಒದಗಿಸುವುದೂ ಅಷ್ಟೇ ತಪ್ಪು. ಒನಕೆ ನಿಲ್ಲಿಸಿದ ಮಹಿಳೆಗೂ ಗೌರಿಬಿದನೂರಿನ ವಿಜ್ಞಾನಿಗೂ ಕಾಣದುದನ್ನು ಕುರುಹಿನಿಂದ ತಿಳಿಯುವ ಹಂಬಲ ಸಮಾನವಾದುದು. ಆದರೆ ವಿಜ್ಞಾನಿ ತನ್ನ ಕುರುಹನ್ನು ಬೇರೆ ದಿನಗಳಲ್ಲಿಯೂ ಪರೀಕ್ಷಿಸಿ ನೋಡಿದ. ಆ ಒಂದು ಹೆಜ್ಜೆಯ ಚರಿತ್ರೆ ನಮ್ಮ ನೆಲದಲ್ಲಿಯೇ ನಡೆದಿದೆ. ಅದನ್ನು ಕನ್ನಡದಲ್ಲಿ ಬರೆದಿಡುವುದು ಗಾದೆ, ಹಾಡು, ಕಥೆಗಳನ್ನು ಸಂಗ್ರಹಿಸಿಡುವಷ್ಟೇ ಜರೂರಿನ ಕೆಲಸವಾಗಿದೆ.