ವಿದುರಾಶ್ವತ್ಥ: ಗಡಿಯಂಚಿನ ನಿಲ್ದಾಣ, ಹುತಾತ್ಮರ ನೆಲ

ಬೆಂಗಳೂರಿನಿಂದ ಗುಂತಕಲ್‌ ಕಡೆಗೆ ಹೊರಟ ರೈಲು ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬಂಡೆಗಳ ನಡುವೆ ಸಾಗಿ, ತೊಂಡೇಬಾವಿಯ ಮೂಲಕ ಗೌರಿಬಿದನೂರು ತಲುಪುತ್ತದೆ. ಅಲ್ಲಿಂದ ಮುಂದೆ ಹಿಂದೂಪುರಕ್ಕೆ ಮುನ್ನ, ಆಂಧ್ರಪ್ರದೇಶದ ಗಡಿಗೆ ಸಮೀಪದಲ್ಲಿ ಸಿಗುವ ಪುಟ್ಟ ನಿಲ್ದಾಣವೇ ವಿದುರಾಶ್ವತ್ಥ. ವೇಗದ ರೈಲಿನಲ್ಲಿ ಕುಳಿತವರಿಗೆ ಅದರ ಹೆಸರಿನ ಫಲಕ ಕಾಣುವುದು ಕ್ಷಣಮಾತ್ರ. ಆದರೆ ಆ ಹೆಸರಿನ ಹಿಂದೆ ಪುರಾಣವೂ ಇದೆ, ರಕ್ತಸಿಕ್ತ ಇತಿಹಾಸವೂ ಇದೆ.

ಬರಗಾಲದ ನಂತರ ಬಂದ ಹಳಿ

1876-78ರ ಭೀಕರ ಕ್ಷಾಮ ಮೈಸೂರು ಸಂಸ್ಥಾನವನ್ನೂ ರಾಯಲಸೀಮೆಯನ್ನೂ ತತ್ತರಿಸುವಂತೆ ಮಾಡಿತು. ಹಲವು ಸೀಮೆಗಳಲ್ಲಿ ಧಾನ್ಯ ಸಾಗಿಸಲು ರೈಲುಮಾರ್ಗವಿರಲಿಲ್ಲ. ಈ ಪಾಠದಿಂದಲೇ ದಕ್ಷಿಣದ ಒಳನಾಡಿನಲ್ಲಿ ರೈಲು ನಿರ್ಮಾಣಕ್ಕೆ ಚಾಲನೆ ದೊರೆಯಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು 1890ರ ದಶಕದಲ್ಲಿ ಗುಂತಕಲ್‌ನಿಂದ ಮೈಸೂರು ಸಂಸ್ಥಾನದ ಗಡಿಯವರೆಗೆ ಮೀಟರ್ ಗೇಜ್ ಹಳಿ ಹಾಕಿತು. ಆ ಹಳಿ ಯಶವಂತಪುರದ ಕಡೆಯಿಂದ ಬಂದ ಹಳಿಯೊಂದಿಗೆ ಕೂಡಿ, ಬೆಂಗಳೂರಿಗೆ ಉತ್ತರದ ದಾರಿ ತೆರೆಯಿತು.

1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ವಿಲೀನಗೊಂಡು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿತು. 1951ರಲ್ಲಿ ದಕ್ಷಿಣ ರೈಲ್ವೆ ಅಸ್ತಿತ್ವಕ್ಕೆ ಬಂತು. 1980ರ ದಶಕದಲ್ಲಿ ಮಾರ್ಗವು ಬ್ರಾಡ್‌ಗೇಜ್‌ಗೆ ಪರಿವರ್ತನೆಯಾಯಿತು. 2003ರಿಂದ ಈ ಭಾಗವು ಹುಬ್ಬಳ್ಳಿ ಕೇಂದ್ರಿತ ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದೆ.

ಅಶ್ವತ್ಥದ ನೆರಳು

ಗೌರಿಬಿದನೂರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಉತ್ತರ ಪಿನಾಕಿನಿ ನದಿಯ ದಡದಲ್ಲಿರುವ ಈ ಕ್ಷೇತ್ರದಲ್ಲಿ ಮಹಾಭಾರತದ ವಿದುರನು ಅಶ್ವತ್ಥ ವೃಕ್ಷವನ್ನು ನೆಟ್ಟನೆಂಬುದು ಸ್ಥಳಪುರಾಣ. ಸಂತಾನಭಾಗ್ಯ ಬೇಡಿ ಭಕ್ತರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಇಲ್ಲಿ ಅಸಂಖ್ಯ. ಪುರಾತನ ವೃಕ್ಷವು 2001ರಲ್ಲಿ ಉರುಳಿಬಿತ್ತು. ಆದರೂ ಭಕ್ತರ ಬರವು ನಿಂತಿಲ್ಲ. ಕನ್ನಡ ಮತ್ತು ತೆಲುಗು ಎರಡೂ ಭಾಷೆಗಳ ಜನ ಗಡಿಯ ಪರಿವೆಯಿಲ್ಲದೆ ಇಲ್ಲಿಗೆ ಬರುತ್ತಾರೆ.

1938ರ ಏಪ್ರಿಲ್ 25

1938ರ ಏಪ್ರಿಲ್ 11ರಂದು ಮದ್ದೂರು ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧ್ಯಕ್ಷ ಟಿ. ಸಿದ್ದಲಿಂಗಯ್ಯ ಅವರು ಸಂಸ್ಥಾನದ ಆಜ್ಞೆಯನ್ನು ಮೀರಿ ರಾಷ್ಟ್ರಧ್ವಜ ಹಾರಿಸಿದರು. ಆ ಕಿಡಿ ಹಳೆಯ ಮೈಸೂರಿನ ಉದ್ದಗಲಕ್ಕೂ ಹರಡಿತು. ಅದೇ ತಿಂಗಳ 25ರಂದು, ನಿಷೇಧಾಜ್ಞೆಯ ನಡುವೆಯೂ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸಾವಿರಾರು ಜನ ಸೇರಿದರು. ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು.

ಸತ್ತವರೆಷ್ಟು? ಸರ್ಕಾರದ ಲೆಕ್ಕ 10 ಎಂದಿತು. ಜನರ ನೆನಪು 32 ಎನ್ನುತ್ತದೆ. ವಿಚಾರಣೆಗೆ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. ಸರ್ದಾರ್ ವಲ್ಲಭಭಾಯಿ ಪಟೇಲ್ ಹಾಗೂ ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಧಾವಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮೇ ತಿಂಗಳಲ್ಲಿ ನಡೆದ ಮಾತುಕತೆಯ ಫಲವೇ ಮಿರ್ಜಾ-ಪಟೇಲ್ ಒಪ್ಪಂದ. ಅದರಂತೆ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ಸಿಕ್ಕಿತು. ಹಳ್ಳಿಗಾಡಿನ ಸಾಮಾನ್ಯರ ಬಲಿದಾನ ಪ್ರಬಲ ಆಡಳಿತವೊಂದನ್ನು ಮಣಿಸಿತ್ತು. 'ದಕ್ಷಿಣದ ಜಲಿಯನ್‌ವಾಲಾಬಾಗ್' ಎಂಬ ಹೆಸರು ಈ ಊರಿಗೆ ಅಂಟಿಕೊಂಡದ್ದು ಹೀಗೆ. ಹುತಾತ್ಮರ ಸ್ಮಾರಕ ಮತ್ತು ವೀರಸೌಧ ಇಂದು ಆ ದಿನದ ಕಥೆ ಹೇಳುತ್ತಿವೆ.

ನಿಂತರೆ ಮಾತ್ರ ಕಂಡೀತು

ಕೋಲಾರ ಜಿಲ್ಲೆಯಲ್ಲಿದ್ದ ಗೌರಿಬಿದನೂರು ತಾಲ್ಲೂಕು 2007ರಲ್ಲಿ ನೂತನ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಸಂಸ್ಥಾನ, ಕಂಪನಿ, ಜಿಲ್ಲೆ, ರೈಲ್ವೆ ವಲಯ ಎಲ್ಲವೂ ಬದಲಾದವು. ಬದಲಾಗದೆ ಉಳಿದದ್ದು ನಿಲ್ದಾಣದ ಹೆಸರೊಂದೇ. ಒಂದು ಕಾಲದಲ್ಲಿ ಉಗಿಬಂಡಿಗಳು ಏದುಸಿರು ಬಿಡುತ್ತಾ ಸಾಗಿದ ಈ ದಾರಿಯಲ್ಲಿ ಈಗ ವಿದ್ಯುತ್ ರೈಲುಗಳ ಓಡಾಟ. ದೂರದೂರಿನ ಎಕ್ಸ್‌ಪ್ರೆಸ್‌ಗಳಿಗೆ ಇಂಥ ಸಣ್ಣ ನಿಲ್ದಾಣಗಳಲ್ಲಿ ಕೆಲಸವಿಲ್ಲ. ಆದರೆ ಕೂಲಿಗೆ, ಸಂತೆಗೆ, ಕಚೇರಿಗೆ ಹೋಗುವ ಗಡಿನಾಡ ಜನರಿಗೆ ಕಡಿಮೆ ದರದ ಪ್ಯಾಸೆಂಜರ್ ರೈಲಿನ ನಿಲುಗಡೆಯೇ ಆಸರೆ.

ಬೆಂಗಳೂರಿನಿಂದ ರಸ್ತೆ ಮಾರ್ಗವಾಗಿ ಹೋಗುವವರು ದೊಡ್ಡಬಳ್ಳಾಪುರ, ಗೌರಿಬಿದನೂರು ಮೂಲಕ ಎರಡು ಗಂಟೆಗಳ ಆಸುಪಾಸಿನಲ್ಲಿ ಇಲ್ಲಿಗೆ ತಲುಪಬಹುದು. ರೈಲಿನಲ್ಲಿ ಬರುವವರು ಹಿಂದೂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ಹಿಡಿಯುವುದು ಒಳಿತು. ನಾಗರಕಲ್ಲಿಗೆ ಕೈಮುಗಿದವರು ಹುತಾತ್ಮರ ಸ್ಮಾರಕದ ಮುಂದೆಯೂ ಒಂದು ಗಳಿಗೆ ನಿಂತರೆ ಈ ಪಯಣ ಸಾರ್ಥಕ.