ನಿರ್ಗಮವಿಚಾರ: ಕೆರೆಯ ಕೋಡಿಯಿಂದ ಗಣಕಯಂತ್ರದವರೆಗೆ

ಬದನವಾಳಿನಿಂದ ಉತ್ತರಕ್ಕೆ ಹೊರಟ ರೈಲು ನಂಜನಗೂಡನ್ನು ದಾಟಿದೊಡನೆ ಕಪಿಲಾನದಿಯನ್ನು ಹಾಯುವುದು. ಸಮೀಪದಲ್ಲಿಯೇ, 1735ರಲ್ಲಿ ದಳವಾಯಿ ದೇವರಾಜಯ್ಯನು ಕಟ್ಟಿಸಿದನೆಂದು ಪ್ರಸಿದ್ಧವಾದ ಹಳೆಯ ಸೇತುವೆಯುಂಟು. 2019ರ ಆಗಸ್ಟಿನಲ್ಲಿ ಈ ನದಿಯು ಉಕ್ಕಿ ಮೈಸೂರಿನ ಹೆದ್ದಾರಿಯನ್ನು ಮುಳುಗಿಸಿತು. ಇಂತಹ ಪ್ರವಾಹವು ಸೇತುವೆಯ ಬಳಿ ಎಷ್ಟು ಎತ್ತರಕ್ಕೆ ಏರುವುದೆಂಬುದನ್ನು ಗಣಕಯಂತ್ರದಿಂದ ಮುಂಚಿತವಾಗಿ ಎಣಿಸಬಹುದು. ಆದರೆ ನದಿಯನ್ನು ಸಮುದ್ರದವರೆಗೂ ಎಣಿಸುತ್ತ ಹೋಗುವುದು ಆಗದ ಮಾತು. ಎಲ್ಲಿಯಾದರೂ ಒಂದು ಗೆರೆಯನ್ನೆಳೆದು ಕತ್ತರಿಸಬೇಕು. ಆ ಗೆರೆಯಲ್ಲಿ ನೀರು ಹೇಗೆ ಹೊರಬೀಳುವುದೆಂಬುದನ್ನು ಯಂತ್ರವು ತಾನಾಗಿ ಅರಿಯದು, ಎಣಿಸುವವನೇ ಹೇಳಿಕೊಡಬೇಕು.

ಈ ನಿರ್ಗಮದ ಭೇದವನ್ನು ನಮ್ಮ ಕೆರೆಗಳನ್ನು ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು. ಭಾಷೆಯೇ ಅದಕ್ಕೆ ಸಾಕ್ಷಿ. ಕೆರೆಯಿಂದ ನೀರು ಹೊರಡುವ ದಾರಿಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ನೀರಗಂಟಿಯು ತೆರೆದಷ್ಟು ನೀರನ್ನು ಬಿಡುವುದು ತೂಬು. ನೀರು ಎಷ್ಟೇ ಬರಲಿ, ಅದರ ಎತ್ತರಕ್ಕೆ ಮೇರೆಯನ್ನು ಹಾಕುವುದು ಕೋಡಿ. ಮೊದಲನೆಯದರಲ್ಲಿ ಪರಿಮಾಣವು ಮನುಷ್ಯನ ಕೈಯಲ್ಲಿ, ಎರಡನೆಯದರಲ್ಲಿ ಮಟ್ಟವು ಕಲ್ಲಿನ ಕೈಯಲ್ಲಿ. ಇಂದಿನ ಗಣಿತಜ್ಞರು ನಿರ್ಗಮದಲ್ಲಿ ಹರಿವನ್ನು ವಿಧಿಸಬೇಕೆ, ಮಟ್ಟವನ್ನು ವಿಧಿಸಬೇಕೆ ಎಂದು ಚರ್ಚಿಸುವುದೂ ಬಹುಮಟ್ಟಿಗೆ ಇದನ್ನೇ. ಎರಡನ್ನೂ ಒಟ್ಟಿಗೆ ವಿಧಿಸಿದರೆ ಲೆಕ್ಕವು ಕೆಡುವುದು.

ಇದರ ಕಾರಣವು 1871ರಲ್ಲಿ ಫ್ರಾನ್ಸಿನ ಸ್ಯಾಂ ವೆನಾಂ ಎಂಬ ವಿದ್ವಾಂಸನು ಪ್ರಕಟಿಸಿದ ಸಮೀಕರಣಗಳಿಂದ ತಿಳಿಯುವುದು. ನಾಲ್ಕು ಮೀಟರು ಆಳದ ನೀರಿನಲ್ಲಿ ಅಲೆಯು ಕ್ಷಣಕ್ಕೆ ಸುಮಾರು 6.3 ಮೀಟರು ಓಡುವುದು. ನದಿಯ ವೇಗವು ಇದಕ್ಕಿಂತ ಕಡಮೆಯಾದರೆ ಕೆಳಗಿನ ಸುದ್ದಿಯು ಪ್ರವಾಹಕ್ಕೆದುರಾಗಿ ಮೇಲಕ್ಕೆ ಬರುವುದು. ಆಗ ನಿರ್ಗಮದಲ್ಲಿ ಒಂದು ಸಂಗತಿಯನ್ನು, ಒಂದನ್ನು ಮಾತ್ರ, ಹೊರಗಿನಿಂದ ಕೊಡಬೇಕು. ನೀರೇ ಅಲೆಯನ್ನು ಮೀರಿ ಓಡಿದರೆ ಏನನ್ನೂ ಕೊಡಬೇಕಾಗಿಲ್ಲ. ಕೋಡಿಯ ಮೇಲಿನಿಂದ ನೀರು ಧುಮುಕುವೆಡೆಯಲ್ಲಿ ಆಗುವುದು ಇದೇ: ಕೆಳಗಿನ ಹಳ್ಳದ ಸುದ್ದಿ ಕೆರೆಗೆ ಮುಟ್ಟದು. ಆದುದರಿಂದ ಗೆರೆಯನ್ನೆಳೆಯಲು ಕೋಡಿಗಿಂತ ಒಳ್ಳೆಯ ಸ್ಥಳವಿಲ್ಲ.

ಸಂಗಮದ ಸಂಗತಿಯು ಬೇರೆ. ಐಸಾಕ್ಸನ್, ಸ್ಟೋಕರ್, ಟ್ರೋಶ್ ಎಂಬ ಮೂವರು 1953ರಿಂದ 1956ರವರೆಗೆ ನ್ಯೂಯಾರ್ಕಿನಲ್ಲಿ ಓಹಾಯೋ ನದಿಯ ಪ್ರವಾಹವನ್ನು ಗಣಕಯಂತ್ರದಿಂದ ಎಣಿಸಿದಾಗ, ಆ ನದಿಯು ಮಿಸಿಸಿಪ್ಪಿಯನ್ನು ಕೂಡುವೆಡೆಯನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕಾಯಿತು. ಅಲ್ಲಿ ಎರಡು ನದಿಗಳ ಮಟ್ಟವೂ ಒಂದೇ ಆಗಿರಬೇಕು, ಹರಿವುಗಳು ಕೂಡಬೇಕು. ನಮ್ಮ ಕಪಿಲೆಗೆ ತಿರುಮಕೂಡಲಿನಲ್ಲಿ ಒದಗುವುದೂ ಇದೇ. ಭಕ್ತರು ಅಲ್ಲಿ ಗುಪ್ತವಾದ ಸ್ಫಟಿಕಸರೋವರವನ್ನೂ ಸೇರಿಸಿ ಮೂರನ್ನು ಎಣಿಸುವರು. ಗಣಿತಕ್ಕೆ ಎರಡೇ ಸಾಕಷ್ಟು ಕಷ್ಟ. ಕಪಿಲೆಯ ನೀರನ್ನು ಬೀಚನಹಳ್ಳಿಯ ಕಟ್ಟೆಯೂ ಕಾವೇರಿಯ ನೀರನ್ನು ಕೃಷ್ಣರಾಜಸಾಗರವೂ ಬಿಡುವುವು. ಕೂಡಲಿನ ಮಟ್ಟವು ಇವೆರಡಕ್ಕೂ ಅಧೀನ. ಕಪಿಲೆಯೊಂದರ ಹರಿವನ್ನೇ ನೋಡಿ ಆ ಮಟ್ಟವನ್ನು ವಿಧಿಸಿದರೆ, ಕಾವೇರಿ ತುಂಬಿದ ದಿನ ಸಂಗಮಕ್ಕೆ ಹತ್ತಿರದ ಊರುಗಳಿಗೆ ಹೇಳಿದ ಎತ್ತರವು ಸುಳ್ಳಾಗುವುದು.

ಗೆರೆಯ ಒಳಗಿನ ಸ್ಥಿತಿಯನ್ನೇ ಹೊರಕ್ಕೆ ನಕಲು ಮಾಡುವುದು ಇನ್ನೊಂದು ಪದ್ಧತಿ. ಇದು ಸುಲಭ, ಆದುದರಿಂದಲೇ ಬಳಕೆ ಹೆಚ್ಚು. ಸುಳಿಯೊಂದು ಗೆರೆಯ ಮೇಲೆ ನಿಂತು ನೀರು ಹಿಂದಿರುಗಿದಾಗ ಇದು ಕೈಕೊಡುವುದು. ಹೊರಟ ಅಲೆಯು ಗೆರೆಗೆ ತಾಗಿ ಮರಳದಂತೆ ಮಾಡುವ ನಿಯಮವೊಂದನ್ನು ಓರ್ಲಾನ್ಸ್ಕಿಯು 1976ರಲ್ಲಿ ಸೂಚಿಸಿದನು.

ಸೇತುವೆಯ ಕೆಳಗೇ ಗೆರೆಯನ್ನೆಳೆದು ಮಟ್ಟವನ್ನು ವಿಧಿಸಿದರೆ, ಬರುವ ಉತ್ತರವು ನಾವು ಕೊಟ್ಟ ಸಂಖ್ಯೆಯೇ ಹೊರತು ನದಿಯದಲ್ಲ. ಗೆರೆಯನ್ನು ದೂರಕ್ಕೆ ಒಯ್ದು, ಅಲ್ಲಿಯ ಮಟ್ಟವನ್ನು ಒಂದು ಮೀಟರು ಏರಿಸಿ ಮತ್ತೊಮ್ಮೆ ಎಣಿಸಬೇಕು. ಸೇತುವೆಯ ಬಳಿ ಎತ್ತರವು ಬದಲಾದರೆ ಗೆರೆಯು ಇನ್ನೂ ಕೆಳಕ್ಕೆ ಹೋಗಬೇಕು.